ಆರ್ಡರ್ ಪಟ್ಟಿಗೂ ಅನಾಲಿಟಿಕ್ಸ್‌ಗೂ ತಾಳೆಯಾಗಲಿ: ಸಣ್ಣ ಆನ್‌ಲೈನ್ ಅಂಗಡಿಗೆ ಜಿಎ4 ಜೋಡಿಸುವ ಬಗೆ

ಅಂಗಡಿಯ ಆರ್ಡರ್ ಪಟ್ಟಿಯಲ್ಲಿ ನೂರು ಆರ್ಡರ್ ಇವೆ, ಅನಾಲಿಟಿಕ್ಸ್‌ನಲ್ಲಿ ಎಪ್ಪತ್ತೇ ಕಾಣುತ್ತಿವೆ ಅಂದುಕೊಳ್ಳಿ. ಉಳಿದ ಮೂವತ್ತು ಎಲ್ಲಿ ಹೋದವು ಅನ್ನುವುದು ಗೊತ್ತಿಲ್ಲದಿದ್ದರೆ ಕಾಣುತ್ತಿರುವ ಎಪ್ಪತ್ತನ್ನೂ ನಂಬುವ ಹಾಗಿಲ್ಲ. ಯಾವ ಜಾಹೀರಾತಿಗೆ ದುಡ್ಡು ಹಾಕಬೇಕು, ಯಾವುದನ್ನು ನಿಲ್ಲಿಸಬೇಕು ಅನ್ನುವ ತೀರ್ಮಾನವೆಲ್ಲ ಅದೇ ಅಂಕಿಯ ಮೇಲೆ ನಿಂತಿರುತ್ತದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಈ ಅಂತರ ಹುಟ್ಟುವುದು ಹೆಚ್ಚಾಗಿ ಎರಡು ಕಡೆ: ಯುಪಿಐ ಮತ್ತು ಕ್ಯಾಶ್ ಆನ್ ಡೆಲಿವರಿ. ಸೈಟಿಗೆ ಯಾರು ಎಲ್ಲಿಂದ ಬಂದರು, ಏನು ಕೊಂಡರು ಎಂದು ಲೆಕ್ಕವಿಡುವ ಗೂಗಲ್ ಅನಾಲಿಟಿಕ್ಸ್ 4ರ (ಜಿಎ4) ಬಗ್ಗೆ ಸಿಗುವ ಬಹುಪಾಲು ಮಾರ್ಗದರ್ಶಿಗಳು ಕಾರ್ಡಿನಲ್ಲಿ ಹಣ ಕಟ್ಟಿ ಅದೇ ಪುಟಕ್ಕೆ ವಾಪಸಾಗುವ ಗಿರಾಕಿಯನ್ನು ಎದುರಿಗಿಟ್ಟುಕೊಂಡು ಬರೆದವು. ಯುಪಿಐ ಆ್ಯಪ್‌ನಲ್ಲಿ ಪಿನ್ ಒತ್ತಿ, ಹಾಗೇ ವಾಟ್ಸ್‌ಆ್ಯಪ್‌ಗೆ ಹೊರಟುಹೋಗುವ ಗಿರಾಕಿ ಅವುಗಳಲ್ಲಿ ಇಲ್ಲ.

ಉದಾಹರಣೆಗೆ ಒಂದು ಅಂಗಡಿ ಇಟ್ಟುಕೊಳ್ಳೋಣ. ಸೈಟು ವರ್ಡ್‌ಪ್ರೆಸ್, ಅದರ ಮೇಲೆ ಅಂಗಡಿ ನಡೆಸುವ ಪ್ಲಗಿನ್ ವೂಕಾಮರ್ಸ್, ಮಾರುವುದು ಶೇಂಗಾ ಚಟ್ನಿಪುಡಿ, ಬ್ಯಾಡಗಿ ಮೆಣಸಿನಪುಡಿ, ಸಾರಿನ ಪುಡಿ. ಶಾಪಿಫೈ ಇದ್ದರೂ ತತ್ವ ಇದೇ, ಗುಂಡಿಗಳ ಜಾಗ ಬೇರೆ ಅಷ್ಟೆ. ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ರಂದು ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಹಾಗಾಗಿ ‘ಯುಎ’ ಎಂದು ಶುರುವಾಗುವ ಐಡಿ ಕೇಳುವ ಪಾಠಗಳನ್ನು ಪಕ್ಕಕ್ಕಿಡಿ. ಈಗಿನದು ‘ಜಿ’ ಅಕ್ಷರ, ಆಮೇಲೆ ಒಂದು ಅಡ್ಡಗೆರೆ, ಅಲ್ಲಿಂದ ಶುರು.

ಖಾತೆ, ಸಮಯ, ಹಣ

ಖಾತೆಯನ್ನು ಅಂಗಡಿಯ ಹೆಸರಿನ ಇಮೇಲ್‌ನಲ್ಲೇ ತೆರೆಯಿರಿ. ವೆಬ್‌ಸೈಟ್ ಮಾಡಿಕೊಟ್ಟವರ ಇಮೇಲ್‌ನಲ್ಲಿ ತೆರೆದರೆ, ಅವರ ಜೊತೆ ಕೆಲಸ ಮುಗಿದ ದಿನ ನಿಮ್ಮ ವರ್ಷಗಳ ಲೆಕ್ಕದ ಬೀಗದ ಕೈ ಅವರ ಹತ್ತಿರವೇ ಉಳಿದಿರುತ್ತದೆ. ಅವರಿಗೆ ಎಡಿಟರ್ ಹಕ್ಕು ಸಾಕು, ಅಡ್ಮಿನಿಸ್ಟ್ರೇಟರ್ ನೀವೇ ಆಗಿರಿ.

ಪ್ರಾಪರ್ಟಿ, ಅಂದರೆ ನಿಮ್ಮ ಸೈಟಿನ ಲೆಕ್ಕ ಕೂರುವ ಜಾಗ, ಸೃಷ್ಟಿಸುವಾಗ ಕೇಳುವ ಎರಡು ಪ್ರಶ್ನೆಗಳನ್ನು ಅವಸರದಲ್ಲಿ ದಾಟಬೇಡಿ: ಸಮಯ ವಲಯ ಮತ್ತು ಕರೆನ್ಸಿ. ಸಮಯ ವಲಯ ಅಮೆರಿಕದ ಪೆಸಿಫಿಕ್ ಎಂದೇ ಉಳಿದುಬಿಟ್ಟರೆ ಅನಾಲಿಟಿಕ್ಸ್‌ನ ‘ದಿನ’ ನಮ್ಮ ಮಧ್ಯಾಹ್ನ 12:30ಕ್ಕೆ ಶುರುವಾಗುತ್ತದೆ, ಅಲ್ಲಿಯ ಚಳಿಗಾಲದಲ್ಲಿ 1:30ಕ್ಕೆ. ಬೆಳಿಗ್ಗೆ ಬಂದ ಆರ್ಡರ್‌ಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಬಿದ್ದು, ದಿನದ ತಾಳೆ ಯಾವತ್ತೂ ಕೂಡುವುದಿಲ್ಲ. ಭಾರತ, ಜಿಎಂಟಿ +5:30 ಆಯ್ದುಕೊಳ್ಳಿ. ಆಮೇಲೆ ಬದಲಿಸಿದರೆ ಮುಂದಿನ ಲೆಕ್ಕ ಮಾತ್ರ ಬದಲಾಗುತ್ತದೆ, ಹಿಂದಿನದು ಹಾಗೇ ಉಳಿಯುತ್ತದೆ. ಕರೆನ್ಸಿ ಭಾರತೀಯ ರೂಪಾಯಿ.

ಇದೇ ಕೈಯಲ್ಲಿ ಇನ್ನೊಂದು ಕೆಲಸ ಮುಗಿಸಿಬಿಡಿ. ಅಡ್ಮಿನ್‌ನಲ್ಲಿ ಡೇಟಾ ರಿಟೆನ್ಷನ್ ತೆರೆದು 2 ತಿಂಗಳು ಎಂದಿರುವುದನ್ನು 14 ತಿಂಗಳು ಮಾಡಿ. ಮಾಮೂಲಿ ವರದಿಗಳಿಗೆ ಇದರಿಂದ ವ್ಯತ್ಯಾಸವಿಲ್ಲ. ಆದರೆ ನಮಗೆ ಬೇಕಾದ ಹಾಗೆ ವರದಿ ಕಟ್ಟಿಕೊಳ್ಳುವ ಎಕ್ಸ್‌ಪ್ಲೋರ್ ವಿಭಾಗದಲ್ಲಿ ಈ ದೀಪಾವಳಿಯನ್ನು ಕಳೆದ ದೀಪಾವಳಿಗೆ ಹೋಲಿಸಲು ಹೊರಟಾಗ 2 ತಿಂಗಳ ಆಚೆಗೆ ಏನೂ ಉಳಿದಿರುವುದಿಲ್ಲ.

ಟ್ಯಾಗ್ ಬರುವುದು ಒಂದೇ ದಾರಿಯಲ್ಲಿ

ಟ್ಯಾಗ್ ಅಂದರೆ ಸೈಟಿನ ಪುಟಗಳಲ್ಲಿ ಓಡಿ ಜಿಎ4ಗೆ ಸುದ್ದಿ ಕಳಿಸುವ ಪುಟ್ಟ ಕೋಡ್. ಅದನ್ನು ಹಾಕಲು ಮೂರು ದಾರಿಗಳಿವೆ: ಥೀಮ್‌ನ ಹೆಡ್‌ನಲ್ಲಿ ನೇರವಾಗಿ, ಪ್ಲಗಿನ್ ಮೂಲಕ, ಅಥವಾ ಗೂಗಲ್ ಟ್ಯಾಗ್ ಮ್ಯಾನೇಜರ್ ಮೂಲಕ. ಅಂಗಡಿಗೆ ಟ್ಯಾಗ್ ಮ್ಯಾನೇಜರ್ ವಾಸಿ. ನಾಳೆ ಬೇರೆ ಜಾಹೀರಾತು ಕಂಪನಿಯ ಪಿಕ್ಸೆಲ್ (ಅವರ ಟ್ಯಾಗ್) ಹಾಕಬೇಕಾದಾಗ ಥೀಮ್ ಮುಟ್ಟುವ ಕೆಲಸವಿರುವುದಿಲ್ಲ. ಯಾವುದನ್ನು ಆಯ್ದರೂ ಒಂದನ್ನೇ ಆಯ್ದುಕೊಳ್ಳಿ. ಸೈಟ್ ಕಿಟ್ ಪ್ಲಗಿನ್ ಒಂದು ಕಡೆ, ಟ್ಯಾಗ್ ಮ್ಯಾನೇಜರ್ ಇನ್ನೊಂದು ಕಡೆ, ಎರಡರಲ್ಲೂ ಅದೇ ಐಡಿ ಇದ್ದರೆ ಪ್ರತಿ ಪುಟವೂ ಎರಡು ಸಲ ಎಣಿಕೆಯಾಗುತ್ತದೆ. ಶಾಪಿಫೈನಲ್ಲಿ ಗೂಗಲ್‌ನ ಆ್ಯಪ್ ಜೋಡಿಸಿ, ಮೇಲೆ ಟ್ಯಾಗ್ ಮ್ಯಾನೇಜರ್‌ನಿಂದಲೂ ಕಳಿಸಿದಾಗ ಆಗುವುದೂ ಇದೇ. ಗುರುತಿಸುವುದು ಸುಲಭ: ರಿಯಲ್‌ಟೈಮ್ ವರದಿ ತೆರೆದಿಟ್ಟು ಫೋನ್‌ನಲ್ಲಿ ಒಂದೇ ಒಂದು ಪುಟ ತೆರೆಯಿರಿ. ಪೇಜ್ ವ್ಯೂ ಎರಡು ಏರಿದರೆ ಎಲ್ಲೋ ಇನ್ನೊಂದು ಟ್ಯಾಗ್ ಕೂತಿದೆ ಎಂದೇ ಅರ್ಥ.

ಸೈಟಿನ ವೇಗ ಹೆಚ್ಚಿಸುವ ಪ್ಲಗಿನ್‌ಗಳ ಮೇಲೂ ಒಂದು ಕಣ್ಣಿರಲಿ. ‘ಜಾವಾಸ್ಕ್ರಿಪ್ಟ್ ತಡಮಾಡು’ ಎಂಬ ಆಯ್ಕೆ ಹಲವು ಕ್ಯಾಶ್ ಪ್ಲಗಿನ್‌ಗಳಲ್ಲಿದೆ. ಅದು ಹಚ್ಚಿದ್ದರೆ ಗಿರಾಕಿ ಪರದೆಯನ್ನು ಮುಟ್ಟುವವರೆಗೆ ಟ್ಯಾಗ್ ಓಡುವುದೇ ಇಲ್ಲ. ಪುಟ ನೋಡಿ ಹಾಗೇ ಹೊರಟವರು ಲೆಕ್ಕಕ್ಕೇ ಸಿಗುವುದಿಲ್ಲ, ಆರ್ಡರ್ ಆದ ಮೇಲೆ ತೆರೆಯುವ ಧನ್ಯವಾದ ಪುಟದಲ್ಲಿ ಏನನ್ನೂ ಮುಟ್ಟದೆ ಮುಚ್ಚಿದವರ ಖರೀದಿಯೂ ಸಿಗುವುದಿಲ್ಲ. ಟ್ಯಾಗ್ ಮ್ಯಾನೇಜರ್‌ನ ಸ್ಕ್ರಿಪ್ಟನ್ನು ಆ ತಡದ ಪಟ್ಟಿಯಿಂದ ಹೊರಗಿಡಿ.

ಡೇಟಾ ಸ್ಟ್ರೀಮ್‌ನಲ್ಲಿ, ಅಂದರೆ ಪ್ರಾಪರ್ಟಿಗೆ ಸೈಟನ್ನು ಜೋಡಿಸುವ ಸೆಟ್ಟಿಂಗ್‌ನಲ್ಲಿ, ಎನ್‌ಹಾನ್ಸ್‌ಡ್ ಮೆಷರ್‌ಮೆಂಟ್ ಹಚ್ಚಿದ್ದೇ ಇರುತ್ತದೆ. ಪುಟದ 90% ಕೆಳಗಿಳಿದದ್ದು, ಹೊರಗಿನ ಕೊಂಡಿ ಒತ್ತಿದ್ದು, ಫೈಲ್ ಇಳಿಸಿಕೊಂಡದ್ದು ಎಲ್ಲ ತಾನಾಗೇ ಬರುತ್ತವೆ. ಇವುಗಳಲ್ಲಿ ಕನ್ನಡದ ಅಂಗಡಿಗೆ ಬಂಗಾರದಂಥದ್ದು ಸೈಟ್ ಸರ್ಚ್. ವರ್ಡ್‌ಪ್ರೆಸ್‌ನ ಹುಡುಕಾಟದ ‘ಎಸ್’ ಪ್ಯಾರಾಮೀಟರ್ ಜಿಎ4ಗೆ ಮೊದಲೇ ಗೊತ್ತು, ಏನೂ ಬದಲಿಸಬೇಕಿಲ್ಲ. ಒಂದೇ ಪದಾರ್ಥವನ್ನು ಜನ ಕನ್ನಡದಲ್ಲಿ ಒಂದು ಥರ, ಇಂಗ್ಲಿಷ್ ಅಕ್ಷರಗಳಲ್ಲಿ ‘ಚಟ್ನಿ’ಗೆ ಮೂರು ನಾಲ್ಕು ಕಾಗುಣಿತ ಹಾಕಿ ಹುಡುಕುವುದು ಅಲ್ಲಿ ಕಣ್ಣಿಗೆ ಬೀಳುತ್ತದೆ. ಫಲಿತಾಂಶವೇ ಬರದ ಕಾಗುಣಿತಗಳನ್ನು ಉತ್ಪನ್ನದ ಟ್ಯಾಗ್‌ಗಳಿಗೆ ಸೇರಿಸಿ.

ಕನ್ನಡದ ವಿಳಾಸಗಳ ಬಗ್ಗೆ ಒಂದು ಮಾತು. ಪುಟದ ಕೊಂಡಿಯಲ್ಲಿ ಕನ್ನಡ ಅಕ್ಷರ ಬಳಸಿದರೆ ಪ್ರತಿ ಅಕ್ಷರ, ಪ್ರತಿ ಒತ್ತು, ಪ್ರತಿ ಸ್ವರಚಿಹ್ನೆಯೂ ಒಳಗೆ ಶೇಕಡಾ ಚಿಹ್ನೆಗಳ ಸಮೇತ 9 ಅಕ್ಷರಗಳಷ್ಟು ಉದ್ದವಾಗುತ್ತದೆ. ವರ್ಡ್‌ಪ್ರೆಸ್ ಅದನ್ನು 200ಕ್ಕೆ ಕತ್ತರಿಸುತ್ತದೆ, ಅಂದರೆ 22 ಚಿಹ್ನೆಗಳ ಹೊತ್ತಿಗೆ ಹೆಸರು ಮುಗಿಯಿತು. ವರದಿಯ ಪುಟದ ದಾರಿಯೂ ಓದಲಾಗದ ಸಾಲಾಗುತ್ತದೆ. ಕೊಂಡಿ ಇಂಗ್ಲಿಷ್ ಅಕ್ಷರದಲ್ಲಿರಲಿ, ಶೀರ್ಷಿಕೆ ಕನ್ನಡದಲ್ಲಿರಲಿ, ವರದಿಯನ್ನು ಪುಟದ ಶೀರ್ಷಿಕೆಯ ಪ್ರಕಾರ ಓದಿ.

ಖರೀದಿಯ ಇವೆಂಟ್

ಗಿರಾಕಿ ಸೈಟಿನಲ್ಲಿ ಮಾಡುವ ಒಂದೊಂದು ಕೆಲಸವನ್ನೂ ಜಿಎ4 ಇವೆಂಟ್ ಎನ್ನುತ್ತದೆ. ಅಂಗಡಿಯ ದಾರಿಯಲ್ಲಿ ಐದು ಇವೆಂಟ್‌ಗಳು ಸಾಕು: ವ್ಯೂ_ಐಟಂ, ಆಡ್_ಟು_ಕಾರ್ಟ್, ಬಿಗಿನ್_ಚೆಕ್‌ಔಟ್, ಆಡ್_ಪೇಮೆಂಟ್_ಇನ್ಫೋ, ಪರ್ಚೇಸ್. ಸೈಟಿನಲ್ಲಿ ಇವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಇಟ್ಟು, ಗೂಗಲ್ ಹೇಳಿದ ಹಾಗೇ ಬರೆಯಬೇಕು. ಒಂದು ದೊಡ್ಡಕ್ಷರ ಬಂದರೂ ಅದು ಬೇರೆಯೇ ಇವೆಂಟ್ ಆಗಿ ಕೂರುತ್ತದೆ, ಮಾರಾಟದ ವರದಿಗೆ ಸೇರುವುದಿಲ್ಲ. ವೂಕಾಮರ್ಸ್‌ನಲ್ಲಿ ಜಿಟಿಎಂ4ಡಬ್ಲ್ಯುಪಿ ಥರದ ಪ್ಲಗಿನ್ ಇವೆಲ್ಲದರ ಮಾಹಿತಿಯನ್ನು ಡೇಟಾ ಲೇಯರ್‌ಗೆ (ಟ್ಯಾಗ್ ಮ್ಯಾನೇಜರ್ ಓದುವ, ಪುಟದೊಳಗಿನ ಪಟ್ಟಿಗೆ) ತಳ್ಳುತ್ತದೆ. ಟ್ಯಾಗ್ ಮ್ಯಾನೇಜರ್ ಅದನ್ನೆತ್ತಿ ಜಿಎ4ಗೆ ಕಳಿಸುತ್ತದೆ.

ಮೊದಲು ಪರ್ಚೇಸ್ ಒಂದನ್ನೇ ಬಿಡಿಸಿ ನೋಡೋಣ, ಏಕೆಂದರೆ ಇದು ಕೆಟ್ಟರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಗಿರಾಕಿ 180 ರೂಪಾಯಿಯ ಶೇಂಗಾ ಚಟ್ನಿಪುಡಿ ಎರಡು ಪೊಟ್ಟಣ, 420 ರೂಪಾಯಿಯ ಮೆಣಸಿನಪುಡಿ ಒಂದು ಪೊಟ್ಟಣ ತೆಗೆದುಕೊಂಡರು. ಕೊರಿಯರ್ 60. ಅವರು ಕಟ್ಟಿದ್ದು 840. ಆಗ ಇವೆಂಟ್ ಜೊತೆ ಹೋಗುವ ವಿವರಗಳಲ್ಲಿ (ಪ್ಯಾರಾಮೀಟರ್) ವ್ಯಾಲ್ಯೂ 780 ಇರಬೇಕು, ಶಿಪ್ಪಿಂಗ್ 60 ಬೇರೆ ಪ್ಯಾರಾಮೀಟರ್‌ನಲ್ಲಿ ಹೋಗಬೇಕು. ಗೂಗಲ್‌ನ ನಿಯಮದಲ್ಲಿ ವ್ಯಾಲ್ಯೂ ಅಂದರೆ ಪದಾರ್ಥಗಳ ಬೆಲೆ ಗುಣಿಸು ಸಂಖ್ಯೆ, ಸಾಗಣೆಯೂ ತೆರಿಗೆಯೂ ಅದರಲ್ಲಿ ಸೇರುವುದಿಲ್ಲ. ನಮ್ಮಲ್ಲಿ ಬರೆದ ಬೆಲೆಯಲ್ಲೇ ಜಿಎಸ್‌ಟಿ ಸೇರಿರುತ್ತದೆ. ಅದನ್ನು ಬಿಡಿಸಿ ಟ್ಯಾಕ್ಸ್‌ನಲ್ಲಿ ಕಳಿಸುತ್ತೀರೋ, ಸೇರಿಸಿಯೇ ಇಡುತ್ತೀರೋ ಮೊದಲ ದಿನವೇ ತೀರ್ಮಾನಿಸಿ. ಬಿಡಿಸಿ ಕಳಿಸುವುದು ನಿಯಮಕ್ಕೆ ಸರಿ, ನಿಜವಾದ ಆದಾಯವೂ ಅದೇ. ನಡುವೆ ಬದಲಿಸಿದರೆ ಮಾತ್ರ ಎರಡು ತಿಂಗಳುಗಳನ್ನು ಹೋಲಿಸುವ ಹಾಗಿರುವುದಿಲ್ಲ.

ಕೆಡುವ ಜಾಗಗಳು ಮೂರು. ಮೊದಲನೆಯದು ವ್ಯಾಲ್ಯೂನಲ್ಲಿ ರೂಪಾಯಿ ಚಿಹ್ನೆ ಅಥವಾ ಕಾಮಾ. 1,299 ಎಂದು ಅಕ್ಷರವಾಗಿ ಹೋದರೆ ಆದಾಯ ಸರಿಯಾಗಿ ಬರುವುದಿಲ್ಲ, 1299 ಎಂದು ಬರಿಯ ಸಂಖ್ಯೆ ಹೋಗಬೇಕು. ಎರಡನೆಯದು ಕರೆನ್ಸಿ ಕೈಬಿಡುವುದು. ಆರ್ಡರ್ ಎಣಿಕೆ ಏರುತ್ತಿದ್ದು ಆದಾಯ ಸೊನ್ನೆಯಾಗಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಮೂರನೆಯದು, ಎಲ್ಲಕ್ಕಿಂತ ದುಬಾರಿಯಾದದ್ದು, ಟ್ರಾನ್ಸಾಕ್ಷನ್ ಐಡಿ, ಅಂದರೆ ಆರ್ಡರ್ ಸಂಖ್ಯೆ. ಒಂದೇ ಗಿರಾಕಿಯಿಂದ ಅದೇ ಐಡಿ ಎರಡನೇ ಸಲ ಬಂದರೆ ಜಿಎ4 ಅದನ್ನು ಬಿಡುತ್ತದೆ. ಗಿರಾಕಿ ಧನ್ಯವಾದ ಪುಟವನ್ನು ರಿಫ್ರೆಶ್ ಮಾಡಿದಾಗ ಈ ಗುಣವೇ ನಮ್ಮನ್ನು ಕಾಯುತ್ತದೆ. ಆದರೆ ಐಡಿ ಖಾಲಿಯಾಗಿ ಹೋದರೆ? ಖಾಲಿ ಐಡಿಯ ಆರ್ಡರ್‌ಗಳೆಲ್ಲ ಒಂದೇ ಎಂದು ತಿಳಿದು ಒಟ್ಟಿಗೇ ಅಳಿಸಿಹೋಗುತ್ತವೆ. ಪ್ಲಗಿನ್ ನವೀಕರಿಸಿದ ಮರುದಿನ ಮಾರಾಟ ಪಾತಾಳಕ್ಕೆ ಇಳಿದಂತೆ ಕಂಡರೆ ಗಾಬರಿಯಾಗುವ ಮೊದಲು ಈ ಐಡಿಯನ್ನು ನೋಡಿ.

ಪದಾರ್ಥಗಳ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಐಟಂ ಐಡಿಯನ್ನೂ ತಪ್ಪದೆ ಕಳಿಸಿ, ಅದು ನಿಮ್ಮ ಎಸ್‌ಕೆಯು (ಪದಾರ್ಥಕ್ಕೆ ನೀವಿಟ್ಟ ಸಂಕೇತ) ಆಗಿರಲಿ. ಸೈಟು ಎರಡು ಭಾಷೆಯಲ್ಲಿದ್ದರೆ ಒಂದೇ ಚಟ್ನಿಪುಡಿ ಎರಡು ಹೆಸರಿನಲ್ಲಿ ವರದಿಗೆ ಬರುತ್ತದೆ. ಐಡಿ ಒಂದೇ ಇದ್ದರೆ ಕೂಡಿಸಿ ನೋಡಬಹುದು.

ಯುಪಿಐ: ಗಿರಾಕಿ ವಾಪಸ್ ಬರುವುದಿಲ್ಲ

ಪರ್ಚೇಸ್ ಇವೆಂಟ್ ಓಡುವುದು ಧನ್ಯವಾದ ಪುಟದಲ್ಲಿ. ಫೋನ್‌ನಲ್ಲಿ ಯುಪಿಐ ಆಯ್ದರೆ ಬ್ರೌಸರ್ ಹಿಂದೆ ಸರಿದು ಹಣ ಕಟ್ಟುವ ಆ್ಯಪ್ ತೆರೆಯುತ್ತದೆ. ಹಣ ಹೋಯಿತು, ಹಸಿರು ಟಿಕ್ ಬಂತು, ಗಿರಾಕಿಯ ಮಟ್ಟಿಗೆ ಕೆಲಸ ಮುಗಿಯಿತು. ಅವರು ಬ್ರೌಸರ್‌ಗೆ ಮರಳದಿದ್ದರೆ, ಅಥವಾ ಕಡಿಮೆ ಮೆಮೊರಿಯ ಫೋನ್ ಅಷ್ಟರಲ್ಲಿ ಆ ಟ್ಯಾಬನ್ನೇ ಕೊಂದಿದ್ದರೆ, ಧನ್ಯವಾದ ಪುಟ ತೆರೆಯುವುದೇ ಇಲ್ಲ. ಹಣ ವಸೂಲಿ ಮಾಡಿಕೊಡುವ ಗೇಟ್‌ವೇ ಕಂಪನಿಯ ವೆಬ್‌ಹುಕ್ (ತಾನಾಗೇ ಬರುವ ಸಂದೇಶ) ನಿಮ್ಮ ಸರ್ವರ್‌ಗೆ ಸುದ್ದಿ ಮುಟ್ಟಿಸುವುದರಿಂದ ಆರ್ಡರ್ ಪಟ್ಟಿಯಲ್ಲಿ ‘ಪ್ರೊಸೆಸಿಂಗ್’ ಎಂದು ಬಂದಿರುತ್ತದೆ. ಅನಾಲಿಟಿಕ್ಸ್‌ಗೆ ಮಾತ್ರ ಸುದ್ದಿಯಿಲ್ಲ. ಮೊದಲಲ್ಲಿ ಹೇಳಿದ ಮೂವತ್ತರಲ್ಲಿ ದೊಡ್ಡ ಪಾಲು ಇಲ್ಲೇ ಇರುತ್ತದೆ.

ಇದಕ್ಕೆ ಮದ್ದು ಸರ್ವರ್‌ನಿಂದ ಕಳಿಸುವುದು. ಜಿಎ4ರಲ್ಲಿ ಮೆಷರ್‌ಮೆಂಟ್ ಪ್ರೋಟೊಕಾಲ್ ಎಂಬ ದಾರಿಯಿದೆ. ಡೇಟಾ ಸ್ಟ್ರೀಮ್‌ನೊಳಗೆ ಅದರ ಎಪಿಐ ಸೀಕ್ರೆಟ್ (ಗುಟ್ಟಿನ ಕೀಲಿ) ಸೃಷ್ಟಿಸಿಕೊಳ್ಳಿ. ಚೆಕ್‌ಔಟ್ ಪುಟದಲ್ಲಿ ಗಿರಾಕಿಯ ಕ್ಲೈಂಟ್ ಐಡಿ (ಬ್ರೌಸರ್‌ನ ಗುರುತು) ಮತ್ತು ಸೆಷನ್ ಐಡಿ (ಆ ಭೇಟಿಯ ಗುರುತು) ಎರಡನ್ನೂ ಓದಿ ಆರ್ಡರ್‌ನ ಮೆಟಾದಲ್ಲಿ (ಹೆಚ್ಚುವರಿ ವಿವರಗಳಲ್ಲಿ) ಬರೆದಿಡಬೇಕು. ಕ್ಲೈಂಟ್ ಐಡಿ ಅಂದರೆ ಚುಕ್ಕಿಯಿಂದ ಬೇರ್ಪಟ್ಟ ಎರಡು ಸಂಖ್ಯೆಗಳು, ಎರಡನೆಯದು ಆ ಬ್ರೌಸರ್ ನಿಮ್ಮ ಅಂಗಡಿಗೆ ಮೊದಲ ಸಲ ಬಂದ ಗಳಿಗೆ. ಇವನ್ನು ಕುಕಿಯ (ಬ್ರೌಸರ್‌ನಲ್ಲಿ ಉಳಿಯುವ ಪುಟ್ಟ ದಾಖಲೆಯ) ಪಠ್ಯ ಸೀಳಿ ತೆಗೆಯಬೇಡಿ, ಗೂಗಲ್ ಟ್ಯಾಗ್‌ನ ‘ಗೆಟ್’ ಆಜ್ಞೆಯಿಂದಲೇ ಕೇಳಿ ಪಡೆಯಿರಿ. 2025ರ ಮೇನಲ್ಲಿ ಸೆಷನ್ ಕುಕಿಯ ಒಳರಚನೆ ಬದಲಾದಾಗ, ಚುಕ್ಕಿಗಳನ್ನು ಎಣಿಸಿ ಐಡಿ ತೆಗೆಯುತ್ತಿದ್ದ ಕೋಡ್‌ಗಳೆಲ್ಲ ತಪ್ಪು ಸಂಖ್ಯೆ ಎತ್ತತೊಡಗಿದವು.

ಈಗ ಬ್ರೌಸರ್‌ನಿಂದ ಒಂದು, ಸರ್ವರ್‌ನಿಂದ ಒಂದು ಹೋಗಿ ಎರಡಾಗದಂತೆ ನೋಡಿಕೊಳ್ಳಬೇಕು. ಧನ್ಯವಾದ ಪುಟ ತೆರೆದಾಗ ಆರ್ಡರ್ ಮೇಲೆ ಒಂದು ಗುರುತು ಹಾಕಿಸಿ. ಹಣ ಬಂದ ಒಂದು ಗಂಟೆಯ ನಂತರವೂ ಗುರುತು ಬೀಳದ ಆರ್ಡರ್‌ಗಳನ್ನು ಮಾತ್ರ ಸರ್ವರ್ ಕಳಿಸಲಿ. 72 ಗಂಟೆ ಹಿಂದಿನವರೆಗೆ ಸಮಯ ನಮೂದಿಸಿ ಕಳಿಸುವ ಅವಕಾಶವಿದೆ. ಆದರೆ ಅದೇ ಸೆಷನ್‌ಗೆ ಸರಿಯಾಗಿ ಅಂಟಬೇಕಾದರೆ ಒಂದು ದಿನದೊಳಗೆ ಕಳಿಸಿಬಿಡಿ. ಸೆಷನ್ ಐಡಿ ಇಲ್ಲದೆ ಕಳಿಸಿದರೆ ಖರೀದಿ ಎಣಿಕೆಗೆ ಸೇರುತ್ತದೆ, ಗಿರಾಕಿ ಎಲ್ಲಿಂದ ಬಂದರೆಂಬುದು ಕಳೆದುಹೋಗುತ್ತದೆ. ಇನ್ನೊಂದು ಅಪಾಯ ಇಲ್ಲಿದೆ: ಈ ಪ್ರೋಟೊಕಾಲ್ ತಪ್ಪು ಮಾಹಿತಿ ಕಳಿಸಿದರೂ ‘ಸರಿ’ ಎಂದೇ ಉತ್ತರ ಕೊಡುತ್ತದೆ. ಆದ್ದರಿಂದ ಮೊದಲು ಗೂಗಲ್‌ನ ಡಿಬಗ್ ವಿಳಾಸಕ್ಕೆ ಕಳಿಸಿ, ತಪ್ಪಿನ ಪಟ್ಟಿ ಖಾಲಿ ಬಂದ ಮೇಲೆ ನಿಜವಾದ ವಿಳಾಸಕ್ಕೆ ತಿರುಗಿಸಿ.

ಪುಟ ಬದಲಿಸುವ ಗೇಟ್‌ವೇಗಳಲ್ಲಿ ಗಿರಾಕಿ ವಾಪಸ್ ಬಂದರೂ ಒಂದು ತೊಂದರೆಯಿದೆ. ಅವರು ಗೇಟ್‌ವೇಯ ಡೊಮೇನ್‌ನಿಂದ ಬಂದಂತೆ ಕಂಡು, ಮಾರಾಟದ ಹೆಸರು ಜಾಹೀರಾತಿನ ಬದಲು ಗೇಟ್‌ವೇಗೆ ಹೋಗುತ್ತದೆ. ಡೇಟಾ ಸ್ಟ್ರೀಮ್‌ನ ಟ್ಯಾಗ್ ಸೆಟ್ಟಿಂಗ್ಸ್‌ನಲ್ಲಿ ‘ಬೇಡದ ರೆಫರಲ್‌ಗಳ ಪಟ್ಟಿ’ ಇದೆ. ರೇಜರ್‌ಪೇ, ಪೇಯು, ಕ್ಯಾಶ್‌ಫ್ರೀ, ನೀವು ಬಳಸುವುದು ಯಾವುದೋ ಅದರ ಡೊಮೇನನ್ನು ಅಲ್ಲಿ ಸೇರಿಸಿ. ಕಾರ್ಡಿನ ಒಟಿಪಿ ಕೇಳುವ ಬ್ಯಾಂಕ್ ಪುಟಗಳ ಡೊಮೇನ್‌ಗಳೂ ರೆಫರಲ್ ವರದಿಯಲ್ಲಿ ಇಣುಕುತ್ತವೆ. ತಿಂಗಳಿಗೊಮ್ಮೆ ನೋಡಿ ಅವನ್ನೂ ಸೇರಿಸುತ್ತಿರಿ.

ಕ್ಯಾಶ್ ಆನ್ ಡೆಲಿವರಿಯ ಕಥೆ ತದ್ವಿರುದ್ಧ. ಇಲ್ಲಿ ಧನ್ಯವಾದ ಪುಟ ತಕ್ಷಣ ತೆರೆಯುತ್ತದೆ, ಪರ್ಚೇಸ್ ಓಡುತ್ತದೆ, ಹಣ ಮಾತ್ರ ಬಂದಿರುವುದಿಲ್ಲ. ಪಾರ್ಸಲ್ ಬಾಗಿಲಿಂದಲೇ ತಿರುಗಿ ಬಂದರೆ ಅನಾಲಿಟಿಕ್ಸ್‌ನಲ್ಲಿ ಅದು ಮಾರಾಟವಾಗೇ ಉಳಿಯುತ್ತದೆ. ಹಣ ಕೈಸೇರಿದ ಮೇಲೇ ಪರ್ಚೇಸ್ ಕಳಿಸೋಣ ಅನ್ನಿಸಬಹುದು. ಅದು ಬೇಡ. ವಾರ ಕಳೆದು ಕಳಿಸಿದ ಇವೆಂಟ್ ಯಾವ ಭೇಟಿಗೂ ಅಂಟುವುದಿಲ್ಲ. ಆರ್ಡರ್ ಆದಾಗಲೇ ಪರ್ಚೇಸ್ ಹೋಗಲಿ, ಜೊತೆಗೆ ಹಣ ಕಟ್ಟುವ ವಿಧಾನವನ್ನು ಒಂದು ಪ್ಯಾರಾಮೀಟರ್ ಆಗಿ ಸೇರಿಸಿ. ಆರ್ಡರ್ ‘ವಾಪಸ್ ಬಂತು’ ಎಂಬ ಸ್ಥಿತಿಗೆ ಹೋದಾಗ ಅದೇ ಟ್ರಾನ್ಸಾಕ್ಷನ್ ಐಡಿ ಇಟ್ಟು ರೀಫಂಡ್ ಇವೆಂಟನ್ನು ಸರ್ವರ್‌ನಿಂದ ಕಳಿಸಿ. ಪದಾರ್ಥಗಳ ಪಟ್ಟಿಯೂ ಜೊತೆಗಿದ್ದರೆ ಯಾವ ಪುಡಿ ಹೆಚ್ಚು ತಿರುಗಿ ಬರುತ್ತಿದೆ ಎಂಬುದೂ ತಿಳಿಯುತ್ತದೆ. ಹಣ ಕಟ್ಟುವ ವಿಧಾನವನ್ನು ಅಡ್ಮಿನ್‌ನ ಕಸ್ಟಮ್ ಡೆಫಿನಿಷನ್ಸ್‌ನಲ್ಲಿ ಇವೆಂಟ್ ಮಟ್ಟದ ಡೈಮೆನ್ಷನ್ (ವರದಿಯನ್ನು ವಿಂಗಡಿಸುವ ಕಾಲಂ) ಆಗಿ ನೋಂದಾಯಿಸಿ. ನೋಂದಾಯಿಸುವ ಮುಂಚಿನ ಲೆಕ್ಕಕ್ಕೆ ಅದು ಅನ್ವಯಿಸುವುದಿಲ್ಲವಾದ್ದರಿಂದ ಈ ಕೆಲಸ ಮೊದಲ ದಿನದ್ದು. ಇನ್‌ಸ್ಟಾಗ್ರಾಂ ಜಾಹೀರಾತಿನ ಆರ್ಡರ್‌ಗಳಲ್ಲಿ ಕ್ಯಾಶ್ ಆನ್ ಡೆಲಿವರಿ ಎಷ್ಟು, ಅದರಲ್ಲಿ ವಾಪಸಾದದ್ದೆಷ್ಟು ಎಂಬ ಪ್ರಶ್ನೆಗೆ ಆಮೇಲೆ ಎಕ್ಸ್‌ಪ್ಲೋರ್‌ನಲ್ಲಿ ಉತ್ತರ ಸಿಗುತ್ತದೆ.

ಗಿರಾಕಿ ಎಲ್ಲಿಂದ ಬಂದರು

ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಬರಿಯ ಕೊಂಡಿಯಿಂದ ಬಂದವರು ‘ಡೈರೆಕ್ಟ್’ ಲೆಕ್ಕಕ್ಕೆ ಸೇರುತ್ತಾರೆ. ಕೊಂಡಿಗೆ ಯುಟಿಎಂ, ಅಂದರೆ ಎಲ್ಲಿಂದ ಬಂದರೆಂದು ತಿಳಿಸುವ ಬಾಲ, ಹಚ್ಚಿ: ಸೋರ್ಸ್ ವಾಟ್ಸ್‌ಆ್ಯಪ್, ಮೀಡಿಯಂ ಸೋಷಿಯಲ್, ಕ್ಯಾಂಪೇನ್ ನಿಮಗೆ ಬೇಕಾದ ಹೆಸರು. ಎಲ್ಲವೂ ಸಣ್ಣಕ್ಷರದಲ್ಲಿರಲಿ, ದೊಡ್ಡಕ್ಷರ ಬೆರೆತರೆ ಅದೇ ಮೂಲ ಎರಡಾಗಿ ಒಡೆಯುತ್ತದೆ. ಮೀಡಿಯಂಗೆ ಮನಸ್ಸಿಗೆ ಬಂದ ಪದ ಹಾಕಿದರೆ ಜಿಎ4ರ ಚಾನೆಲ್ ನಿಯಮಗಳಿಗೆ ಅದು ಹೊಂದದೆ ‘ಅನ್‌ಅಸೈನ್ಡ್’ ಬುಟ್ಟಿಗೆ ಬೀಳುತ್ತದೆ. ಸ್ವಂತ ಸೈಟಿನ ಬ್ಯಾನರ್‌ಗಳಿಗೆ ಯುಟಿಎಂ ಎಂದೂ ಹಚ್ಚಬೇಡಿ. ಇನ್‌ಸ್ಟಾಗ್ರಾಂ ಒಳಗಿನ ಬ್ರೌಸರ್‌ನಲ್ಲಿ ನೋಡಿ, ಸಂಜೆ ಕ್ರೋಮ್‌ನಲ್ಲಿ ಕೊಂಡವರು ಇಬ್ಬರು ಬೇರೆ ಬೇರೆ ಜನರಾಗಿ ಕಾಣುತ್ತಾರೆ. ಎರಡೂ ಕಡೆ ಕುಕಿ ಬೇರೆ. ಇದಕ್ಕೆ ಸುಲಭದ ಮದ್ದಿಲ್ಲ, ಬಳಕೆದಾರರ ಸಂಖ್ಯೆಯನ್ನು ಓದುವಾಗ ನೆನಪಿರಬೇಕು ಅಷ್ಟೆ.

ನಿಮ್ಮದೇ ಓಡಾಟವನ್ನು ಲೆಕ್ಕದಿಂದ ತೆಗೆಯಲು ಐಪಿ ವಿಳಾಸದ ಫಿಲ್ಟರ್ ಇದೆ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಆ ವಿಳಾಸ ಬದಲಾಗುತ್ತಿರುತ್ತದೆ, ಮೊಬೈಲ್ ಡೇಟಾದಲ್ಲಿ ಕೇಳುವುದೇ ಬೇಡ. ಅಡ್ಮಿನ್ ಮತ್ತು ಶಾಪ್ ಮ್ಯಾನೇಜರ್ ಆಗಿ ಲಾಗಿನ್ ಆದವರಿಗೆ ಟ್ಯಾಗ್ ಓಡದಂತೆ ಪ್ಲಗಿನ್‌ನಲ್ಲೇ ತಡೆಯುವುದು ಗಟ್ಟಿ. ಐಪಿ ಫಿಲ್ಟರನ್ನೇ ಬಳಸುವುದಾದರೆ ಅದು ಮೊದಲು ‘ಟೆಸ್ಟಿಂಗ್’ ಸ್ಥಿತಿಯಲ್ಲಿರುತ್ತದೆ ಎಂಬುದು ಗಮನದಲ್ಲಿರಲಿ. ‘ಆ್ಯಕ್ಟಿವ್’ ಮಾಡುವವರೆಗೆ ಏನನ್ನೂ ಸೋಸುವುದಿಲ್ಲ. ಆ್ಯಕ್ಟಿವ್ ಆದ ಮೇಲೆ ಸೋಸಿ ಎಸೆದದ್ದು ಮರಳಿ ಸಿಗುವುದಿಲ್ಲ.

ಗಿರಾಕಿಯ ಫೋನ್ ನಂಬರ್, ಇಮೇಲ್ ಇದ್ದ ಹಾಗೇ ಜಿಎ4ಗೆ ಹೋಗಕೂಡದು, ಗೂಗಲ್‌ನ ನಿಯಮವೇ ಅದನ್ನು ನಿಷೇಧಿಸುತ್ತದೆ. ನಾವೇ ಕಳಿಸದಿದ್ದರೂ ಕೆಲವು ಫಾರ್ಮ್‌ಗಳು ಇವನ್ನು ಪುಟದ ವಿಳಾಸದಲ್ಲಿ ಸೇರಿಸಿಬಿಡುತ್ತವೆ. ವೂಕಾಮರ್ಸ್‌ನ ಧನ್ಯವಾದ ಪುಟದ ವಿಳಾಸದಲ್ಲಿ ಆರ್ಡರ್‌ನ ಗುಟ್ಟಿನ ಕೀ ಇರುತ್ತದೆ, ಅದೂ ಹೊರಗೆ ಹೋಗುವಂಥದ್ದಲ್ಲ. ಡೇಟಾ ಸ್ಟ್ರೀಮ್‌ನ ‘ರಿಡ್ಯಾಕ್ಟ್ ಡೇಟಾ’ದಲ್ಲಿ ಇಮೇಲ್ ಅಳಿಸುವುದನ್ನು ಹಚ್ಚಿ, ‘ಕೀ’ ಪ್ಯಾರಾಮೀಟರನ್ನೂ ಪಟ್ಟಿಗೆ ಸೇರಿಸಿ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಲಂಡನ್, ಮ್ಯೂನಿಕ್‌ನ ಕನ್ನಡಿಗರಿಗೂ ಪುಡಿ ಕಳಿಸುವ ಅಂಗಡಿಯಾದರೆ ಅಲ್ಲಿಯ ಕಾನೂನಿಗೆ ಕುಕಿಯ ಒಪ್ಪಿಗೆ ಬೇಕೇ ಬೇಕು. ಒಪ್ಪಿಗೆಯ ಬ್ಯಾನರ್ ಹಾಕಿದರೆ ಸಾಲದು. ‘ಸದ್ಯಕ್ಕೆ ಒಪ್ಪಿಗೆ ಇಲ್ಲ’ ಎಂಬ ಆರಂಭಿಕ ಸ್ಥಿತಿ ಬೇರೆಲ್ಲ ಟ್ಯಾಗ್‌ಗಿಂತ ಮೊದಲು ಓಡಬೇಕು. ಟ್ಯಾಗ್ ಮ್ಯಾನೇಜರ್‌ನಲ್ಲಿ ಅದಕ್ಕೆಂದೇ ಕನ್ಸೆಂಟ್ ಇನಿಷಿಯಲೈಸೇಷನ್ ಎಂಬ ಟ್ರಿಗರ್ ಇದೆ.

ಪರೀಕ್ಷೆ

ಟ್ಯಾಗ್ ಮ್ಯಾನೇಜರ್‌ನ ಪ್ರಿವ್ಯೂ ಹಚ್ಚಿ, ಜಿಎ4ರ ಅಡ್ಮಿನ್‌ನಲ್ಲಿ ಡಿಬಗ್‌ವ್ಯೂ ತೆರೆದಿಟ್ಟು ಕಂಪ್ಯೂಟರ್‌ನಲ್ಲಿ ಒಂದು ಆರ್ಡರ್ ಮಾಡಿ. ಐದು ಇವೆಂಟ್‌ಗಳು ಒಂದರ ಹಿಂದೆ ಒಂದು ಇಳಿದು ಬರಬೇಕು. ಪರ್ಚೇಸ್ ಮೇಲೆ ಒತ್ತಿ ವ್ಯಾಲ್ಯೂ, ಕರೆನ್ಸಿ, ಟ್ರಾನ್ಸಾಕ್ಷನ್ ಐಡಿ ಮೂರನ್ನೂ ಆರ್ಡರ್ ಪುಟದ ಪಕ್ಕಕ್ಕಿಟ್ಟು ಓದಿ. ಆಮೇಲೆ ಫೋನ್‌ನಲ್ಲಿ, ಲಾಗಿನ್ ಇಲ್ಲದೆ, ಅತಿ ಅಗ್ಗದ ಪೊಟ್ಟಣ ಆರಿಸಿ ಯುಪಿಐನಲ್ಲಿ ನಿಜವಾಗಿ ಹಣ ಕಟ್ಟಿ. ಹಸಿರು ಟಿಕ್ ಬಂದ ಕೂಡಲೇ ಬ್ರೌಸರ್‌ಗೆ ಮರಳದೆ ಎಲ್ಲ ಆ್ಯಪ್‌ಗಳನ್ನೂ ಒರೆಸಿ ಮುಚ್ಚಿಬಿಡಿ. ಗಂಟೆ ಕಳೆದ ಮೇಲೆ ಆ ಆರ್ಡರ್ ಸರ್ವರ್‌ನ ಕಡೆಯಿಂದ ಹೋಗಿ ರಿಯಲ್‌ಟೈಮ್‌ನಲ್ಲಿ ಕಾಣಿಸಿದರೆ ದಾರಿ ಸರಿಯಾಗಿದೆ. ಮೂರನೆಯದು ಒಂದು ಕ್ಯಾಶ್ ಆನ್ ಡೆಲಿವರಿ ಆರ್ಡರ್, ಅದನ್ನು ವಾಪಸ್ ಎಂದು ಗುರುತಿಸಿ ರೀಫಂಡ್ ಹೋಯಿತೇ ನೋಡಿ.

ಮಾಮೂಲಿ ವರದಿಗಳಿಗೆ ಲೆಕ್ಕ ಪೂರ್ತಿ ಇಳಿಯಲು 24ರಿಂದ 48 ಗಂಟೆ ಹಿಡಿಯುತ್ತದೆ, ನಿನ್ನೆಯ ಅಂಕಿ ನೋಡಿ ಕೋಡ್ ಬದಲಿಸಲು ಹೋಗಬೇಡಿ. ಒಂದು ವಾರ ಬಿಟ್ಟು, ಎರಡು ದಿನ ಹಳೆಯದಾದ ಲೆಕ್ಕವನ್ನು ಹಿಡಿದು ಕೂರಿ. ವೂಕಾಮರ್ಸ್‌ನಿಂದ ಆರ್ಡರ್ ಸಂಖ್ಯೆಗಳನ್ನು ಇಳಿಸಿಕೊಳ್ಳಿ, ಜಿಎ4ರ ಎಕ್ಸ್‌ಪ್ಲೋರ್‌ನಿಂದ ಟ್ರಾನ್ಸಾಕ್ಷನ್ ಐಡಿಗಳನ್ನು ಇಳಿಸಿಕೊಳ್ಳಿ, ಶೀಟ್‌ನಲ್ಲಿ ಅಕ್ಕಪಕ್ಕ ಇಟ್ಟು ಯಾವುದು ಇಲ್ಲ ಎಂದು ಹುಡುಕಿ. ಕಾಣೆಯಾದವೆಲ್ಲ ಯುಪಿಐ ಆಗಿದ್ದರೆ ವೆಬ್‌ಹುಕ್ ದಾರಿ ನೋಡಿ. ಒಂದೇ ದಿನದವಾಗಿದ್ದರೆ ಆ ದಿನ ಯಾವ ಪ್ಲಗಿನ್ ನವೀಕರಿಸಿದಿರಿ ಎಂದು ನೋಡಿ. ಅಲ್ಲೊಂದು ಇಲ್ಲೊಂದು ಚದುರಿದ್ದರೆ ಜಾಹೀರಾತು ತಡೆಯುವ ಬ್ರೌಸರ್‌ಗಳವು. ಅವರ ಆರ್ಡರ್‌ಗೆ ಕ್ಲೈಂಟ್ ಐಡಿಯೇ ಇರುವುದಿಲ್ಲ, ಸರ್ವರ್‌ನಿಂದಲೂ ಕಳಿಸಲಾಗದು, ಹಾಗೇ ಬಿಡಿ. ಜಿಎ4ರಲ್ಲಿದ್ದು ಆರ್ಡರ್ ಪಟ್ಟಿಯಲ್ಲಿ ಇಲ್ಲದ ಐಡಿ ಸಿಕ್ಕರೆ ಪರೀಕ್ಷೆಗಿಟ್ಟ ನಕಲು ಸೈಟು ಅದೇ ಪ್ರಾಪರ್ಟಿಗೆ ಕಳಿಸುತ್ತಿದೆ, ಅದಕ್ಕೆ ಬೇರೆ ಪ್ರಾಪರ್ಟಿ ಮಾಡಿ.

ಈ ತಾಳೆ ಒಮ್ಮೆ ಕೂಡಿದ ದಿನವೇ ಗೂಗಲ್‌ನ ದತ್ತಾಂಶದ ಉಗ್ರಾಣವಾದ ಬಿಗ್‌ಕ್ವೆರಿಯನ್ನೂ ಜೋಡಿಸಿ. ದಿನಕ್ಕೆ 10 ಲಕ್ಷ ಇವೆಂಟ್‌ಗಳವರೆಗೆ ಜಿಎ4 ತನ್ನ ಕಚ್ಚಾ ಲೆಕ್ಕವನ್ನು ಅಲ್ಲಿಗೆ ಸುರಿಯುತ್ತದೆ, ಸಣ್ಣ ಅಂಗಡಿ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಹಣ ಕಟ್ಟದ ಸ್ಯಾಂಡ್‌ಬಾಕ್ಸ್‌ನಲ್ಲಿ ಟೇಬಲ್‌ಗಳು 60 ದಿನಕ್ಕೆ ಅಳಿಸಿಹೋಗುತ್ತವೆ, ಆದ್ದರಿಂದ ಬಿಲ್ಲಿಂಗ್ ಜೋಡಿಸಿ ಆ ಅವಧಿಯನ್ನು ತೆಗೆದುಹಾಕಿ. ಜೋಡಿಸುವ ಮುಂಚಿನ ದಿನಗಳ ಲೆಕ್ಕ ಅಲ್ಲಿಗೆ ಬರುವುದಿಲ್ಲ.